ಖರ್ಚಿಲ್ಲದ ಗೊಬ್ಬರ

ಧರ್ಮಪುರದ ನಮ್ಮ ಹೊಲದಲ್ಲಿ ಶೇಂಗಾ ಕಿತ್ತ ಮೇಲೆ ಪ್ರತಿ ವರ್ಷ ಒಂದೇ ಮನೆಯವರ ಕುರಿ ಮಂದೆ ಬಂದು ಬೀಡು ಬಿಡುತ್ತಿತ್ತು. ಹೊಲಕ್ಕೆಲ್ಲ ಹಿಕ್ಕೆ, ಗಂಜಲ ಬೀಳಲೆಂದು ದಿನಕ್ಕೊಂದು ಕಡೆ ಬಲೆಯ ಬೇಲಿ ಸರಿಸಿ ಅದರೊಳಗೆ ಕುರಿ ಕೂಡಿಹಾಕುತ್ತಿದ್ದರು. ನಾವು ಊಟ ಹಾಕಿ, ಹೊರಡುವಾಗ ರಾಗಿ ಕೊಡುತ್ತಿದ್ದೆವು. ಕುರಿಗಾರನ ಹೆಂಡತಿಗೂ ನಮ್ಮ ಅತ್ತೆಗೂ ಅಕ್ಕತಂಗಿಯರ ಸಲಿಗೆ. ಇಬ್ಬರೂ ಎಲೆಅಡಿಕೆ ಹಾಕಿಕೊಂಡು ಕೂತರೆ ಸೊಸೆಯೆಂಬ ಪ್ರಾಣಿ ಮನೆಯಲ್ಲಿರುವುದೇ ಅವರಿಗೆ ಮರೆತುಹೋಗುತ್ತಿತ್ತು.

ಒಂದು ವರ್ಷ ಸಾವಯವ ಬೇಸಾಯದ ಖರ್ಚುವೆಚ್ಚದ ಅಧ್ಯಯನ ಮಾಡಲು ಸಂಶೋಧನೆಯ ಹುಡುಗಿಯೊಬ್ಬಳು ಬಂದಳು. ಒಳ್ಳೆಯವಳೇ, ಕೊಟ್ಟ ಮಜ್ಜಿಗೆ ಮರುಮಾತಿಲ್ಲದೆ ಕುಡಿದಳು. ಕುರಿಗೊಬ್ಬರಕ್ಕೆ ಏನು ಕೊಡುತ್ತೀರಿ ಎಂದು ಅತ್ತೆಯನ್ನು ಕೇಳಿದಳು. ಅತ್ತೆಯ ಗೆಳತಿ, ಆ ಕುರಿಗಾರನ ಹೆಂಡತಿ, ಪಕ್ಕದಲ್ಲೇ ಕೂತಿದ್ದಾಳೆ. ಇಸಕೊಳ್ಳುವವರ ಎದುರಿಗೆ ಕೊಟ್ಟದ್ದನ್ನು ಆಡಿ ತೋರಿಸುವುದು ನಮ್ಮ ಕಡೆ ಮರ್ಯಾದೆಯಲ್ಲ.

"ಏನೂ ಇಲ್ಲ ಕಣವ್ವ, ಅವ್ರು ನಮ್ಮೋರೇ" ಅಂದರು ಅತ್ತೆ. ಗೆಳತಿಯ ಮುಖ ಅರಳಿತು.

ಕೆಲವು ತಿಂಗಳಾದ ಮೇಲೆ ಹಿರಿಯೂರಿನಲ್ಲಿ ರೈತರ ಸಭೆ ಕರೆದು ಅಧ್ಯಯನದ ಫಲ ಹೇಳಿದರು. ಈ ಭಾಗದಲ್ಲಿ ಕುರಿಗೊಬ್ಬರಕ್ಕೆ ಖರ್ಚೇ ಇಲ್ಲ, ಆದ್ದರಿಂದ ಸಾವಯವ ಲಾಭದಾಯಕ ಎಂದರು. ನಮ್ಮಂತೆ ಇನ್ನೆಷ್ಟು ಮನೆಯವರು ಮರ್ಯಾದೆಗೆ ಹಾಗೇ ಅಂದಿದ್ದರೋ. ಅಷ್ಟೇ ಸಾಕಾಯಿತು ನಮ್ಮ ಜಾಣರಿಗೆ. ಆ ಸುಗ್ಗಿಯಲ್ಲಿ ಸುತ್ತಲಿನ ಊರುಗಳವರು, ಓದಿದವರೇ ಬಿಟ್ಟಿ ಅಂದಿದ್ದಾರಲ್ಲ ಎಂದು ಕುರಿಗಾರರಿಗೆ ರಾಗಿ ಕೊಡುವುದನ್ನೇ ನಿಲ್ಲಿಸಿದರು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಮಂದೆ ನಮ್ಮಲ್ಲಿಗೂ ಬರಲಿಲ್ಲ. ಶ್ರೀರಾಂಪುರದ ಕಡೆ ಇಷ್ಟು ರಾಗಿ ಎಂದು ಮೊದಲೇ ಮಾತಾಡಿಕೊಂಡು ಕೊಡುತ್ತಾರೆಂದು ಕುರಿಗಾರರು ಅಲ್ಲಿಗೆ ಹೋಗಿದ್ದರು. ಅತ್ತೆಗೆ ಊಟ ಸೇರಲಿಲ್ಲ. ಪ್ರತಿ ವರ್ಷ ಕುರಿಗಾರರಿಗೆ ಕೊಡುತ್ತಿದ್ದ ರಾಗಿ ಚೀಲಕ್ಕೆ ತುಂಬಿಸಿ, ನನ್ನನ್ನು ಎಳಕೊಂಡು ಬಸ್ಸು ಹತ್ತಿದರು.

ಗೆಳತಿ ಬಿಡಾರದ ಮುಂದೆ ಕಂಬಳಿ ಹಾಸಿ, ಕುಂತ್ಕಳ್ರಿ ಅಂದು ಟೀ ಕಾಸಿ ಕೊಟ್ಟಳು. ಮೊಮ್ಮಕ್ಕಳ ಸುದ್ದಿ ಕೇಳಿದಳು. ಚೀಲ ಮಾತ್ರ ಮುಟ್ಟಲಿಲ್ಲ. ಅತ್ತೆ ಬಲವಂತ ಮಾಡಿದಾಗ ಮೆತ್ತಗೆ ಹೇಳಿದಳು:

"ನೀನು ಒಳ್ಳೇ ಮನಸಿಂದ್ಲೇ ಅಂದೆ ಅಕ್ಕ, ನಂಗೆ ಗೊತ್ತೈತೆ. ಆದ್ರೆ ಈ ವರ್ಷ ನಮ್ಮ ಕುರಿ ನಿಮ್ಮ ಹೊಲದಾಗೆ ಮಲಗಿಲ್ಲ. ಇದನ್ನ ಇಸ್ಕಂಡ್ರೆ ಬೇಡಿ ತಿಂದಂಗಾಗ್ತೈತೆ."

ಚೀಲ ಹೊತ್ತು ಹಿಂದಿರುಗಿದೆವು. ಆವತ್ತು ಆ ಹುಡುಗಿಗೆ ರಾಗಿ ಕೊಡ್ತೀವಿ ಅಂತ ಒಂದು ಮಾತು ಅಂದಿದ್ದರೆ ಗೆಳತಿಗೆ ಬೇಜಾರಾಗುತ್ತಿತ್ತಾ ಎಂದು ಬಸ್ಸಿನಲ್ಲಿ ಅತ್ತೆ ನನ್ನನ್ನು ಕೇಳಿದರು.