ಎರಡು ನಿಮಿಷದ ಬೋರ್ಡು

ನಮ್ಮ ಭಾವ ಬರುತ್ತಾರೆ ಎಂದು ಗೊತ್ತಾದರೆ ನೆಂಟರೆಲ್ಲ ಮೊದಲು ಫೋನು ಬಚ್ಚಿಡುತ್ತಾರೆ. ಬಂದು ಕುರ್ಚಿಯಲ್ಲಿ ಕೂತವರೇ "ಎಲ್ಲಿ, ಕೊಡು ನೋಡೋಣ" ಎಂದು ಕೈ ಚಾಚುವುದು ಅವರ ರೂಢಿ. ಕೊಟ್ಟರೆ ಮುಗಿಯಿತು. ಅದರೊಳಗಿರುವ ಒಂದೊಂದಕ್ಕೂ ಹೊಸ ಆವೃತ್ತಿ ಹಾಕಿ, ನಮ್ಮದೇ ಫೋನು ನಮಗೆ ಗುರುತು ಸಿಗದಂತೆ ಮಾಡಿ, ಹೊರಡುವ ಹೊತ್ತಿಗೆ ಹಿಂದಿರುಗಿಸುತ್ತಾರೆ. ಚಿಕ್ಕಮ್ಮ ಒಮ್ಮೆ ತನ್ನ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಳು. ಅದು ಅಲ್ಲಿಂದಲೇ ಹೊಡೆದುಕೊಂಡು ಅವಳ ಮಾನ ಕಳೆಯಿತು.

ಭಾವ ಕೆಟ್ಟವರಲ್ಲ. ಹಳೆಯದೇನಾದರೂ ಕಂಡರೆ ಅವರಿಗೆ ಕೈ ತುರಿಸುತ್ತದೆ, ಅಷ್ಟೆ. ಮೈಮೇಲಿನ ಸ್ವೆಟರ್ ಮಾತ್ರ ಮದುವೆಯಾದ ವರ್ಷದ್ದು. ಅದಕ್ಕಿನ್ನೂ ಹೊಸ ಆವೃತ್ತಿ ಬಂದಿಲ್ಲವಂತೆ. ಇದು ಅಕ್ಕನ ಮಾತು.

ನಾವಿಬ್ಬರೂ ಒಂದೇ ಬಸ್ ಕಂಪನಿಯ ಅನ್ನ ತಿನ್ನುವವರು. ನಾನು ಬಸ್ಸು ಓಡಿಸುತ್ತೇನೆ. ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಜನರಿಗೆ ತಿಳಿಸುವ ಸರ್ವರ್ ಅನ್ನು ಭಾವ ನೋಡಿಕೊಳ್ಳುತ್ತಾರೆ. ಡಿಪೋದ ಹಿಂದೆ, ಹಳೇ ಟೈರು ಪೇರಿಸಿಟ್ಟ ಓಣಿಯ ತುದಿಯಲ್ಲಿ ಅವರ ತಣ್ಣನೆಯ ಕೋಣೆ. ಅಲ್ಲಿಂದ ಸುದ್ದಿ ಎರಡು ಕಡೆ ಹೋಗುತ್ತದೆ: ಜನರ ಫೋನುಗಳಿಗೆ, ಮತ್ತು ನಿಲ್ದಾಣದ ಕಂಬಗಳಲ್ಲಿ ಕೆಂಪಕ್ಷರ ಮಿನುಗಿಸುವ ಬೋರ್ಡುಗಳಿಗೆ.

ಅಂಥದೊಂದು ಬೋರ್ಡು ಅಕ್ಕನ ಅಡುಗೆಮನೆ ಕಿಟಕಿಯ ಎದುರಿಗೇ ಇದೆ. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಿಸುವವಳು. ಇಡೀ ದಿನ ನಿಂತೇ ಕೆಲಸ, ಮಂಡಿ ಎರಡೂ ಹೋಗಿವೆ. ಬೆಳಗ್ಗೆ ಮನೆಗೆಲಸ ಮುಗಿಸಿ, ಕಿಟಕಿ ಪಕ್ಕ ಕೂತು, ಬೋರ್ಡಿನಲ್ಲಿ "ಮುಂದಿನ ಬಸ್ಸು 2 ನಿಮಿಷ" ಎಂದು ಬಂದಾಗ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಅಲ್ಲಿಯವರೆಗೆ ಕೂತಿರುವುದೇ ಅವಳ ದಿನದ ವಿಶ್ರಾಂತಿ. ಅವಳದು ಗುಂಡಿ ಒತ್ತುವ ಫೋನು. ಅದಕ್ಕೆ ಹಾಕಲು ಹೊಸ ಆವೃತ್ತಿಯೇ ಇಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಸರ್ವರ್‌ನ ತಂತ್ರಾಂಶ ತೀರಾ ಹಳತಾಗಿದೆ, ಕಳ್ಳರಿಗೆ ಬಾಗಿಲು ತೆರೆದಿಟ್ಟ ಹಾಗಿದೆ ಎಂದು ಭಾವ ಬಹಳ ಕಾಲದಿಂದ ಮ್ಯಾನೇಜರ್ ಸಾಹೇಬರ ತಲೆ ತಿನ್ನುತ್ತಿದ್ದರು. ಕಾಟ ತಾಳಲಾರದೆ ಸಾಹೇಬರು ಒಂದು ದಿನ ಹೂಂ ಎಂದರು. ಭಾವ ಅದೇ ಸಂಜೆ ಹೊಸದನ್ನು ಹಾಕಿಯೇಬಿಟ್ಟರು. ಹಾಕಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಅದಕ್ಕೂ ಆ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಭಾವ ಕೋಣೆಯ ಬಾಗಿಲಲ್ಲಿ ನಿಂತು "ತೆರೀತಾ?" ಎಂದು ಕೂಗುತ್ತಾರೆ. ಲೆಕ್ಕದ ಮೇಡಂ ತಮ್ಮ ಫೋನಿನಲ್ಲಿ ಬಸ್ಸಿನ ಆ್ಯಪ್ ಒತ್ತಿ ನೋಡಿ "ತೆರೀತು" ಎನ್ನುತ್ತಾರೆ. ಸ್ಟೋರಿನವನು ಯಾವುದನ್ನೂ ನೋಡದೆ "ತೆರೀತು" ಎನ್ನುತ್ತಾನೆ. ಪರೀಕ್ಷೆ ಪಾಸಾಯಿತು. ಅಂದು ಭಾವ ಮನೆಗೆ ಸಿಹಿ ಪೊಟ್ಟಣ ಹಿಡಿದು ಬಂದರಂತೆ.

ಮಾರನೆಯ ದಿನದಿಂದ ನನ್ನ ಗ್ರಹಚಾರ ಕೆಟ್ಟಿತು. ಒಂದೊಂದು ಸ್ಟಾಪಿನಲ್ಲೂ ಬೈಗುಳ. "ಬೋರ್ಡಲ್ಲಿ ಎರಡು ನಿಮಿಷ ಅಂತ ಯಾವಾಗಿಂದ ಬರ್ತಿದೆ. ಟೀ ಕುಡಿದು, ನಿದ್ದೆ ಮಾಡಿ ಬಂದ್ರಾ?" ಎಂದು ಒಬ್ಬರು. ಮಾರ್ಕೆಟ್ ಸ್ಟಾಪಿನ ಬೋರ್ಡಂತೂ "ಈಗ ಬಂತು" ಎಂದು ಹಟ ಹಿಡಿದು ಕೂತಿತ್ತು. ಬಸ್ಸೇ ಇಲ್ಲದ ರಸ್ತೆಯನ್ನು ಜನ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಅಕ್ಕನೂ ನನ್ನ ಬಸ್ಸಿಗೇ ಹತ್ತುವವಳು. ಕಂಬಿ ಹಿಡಿದು, ಮಂಡಿ ಎಳೆದುಕೊಂಡು ಹತ್ತಿ, ನನ್ನ ಹಿಂದಿನ ಸೀಟಿನಲ್ಲಿ ಕೂತಳು.

"ಯಾಕಕ್ಕಾ, ಇಷ್ಟು ಬೇಗ ಇಳಿದು ಬಂದು ನಿಂತಿದ್ದೀಯ?"

"ಬೋರ್ಡಲ್ಲಿ ಎರಡು ನಿಮಿಷ ಇತ್ತಲ್ಲೋ" ಎಂದು ಹೇಳಿ ಹೊರಗೆ ನೋಡತೊಡಗಿದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಡ್ಯೂಟಿ ಮುಗಿಸಿ ನೇರ ಭಾವನ ಕೋಣೆಗೆ ಹೋದೆ. "ಭಾವ, ನಿಮ್ಮ ಬೋರ್ಡುಗಳಿಗೆ ತಲೆ ಕೆಟ್ಟಿದೆ."

"ಅವಕ್ಕೇನೂ ಆಗಿಲ್ಲ ಕಣಯ್ಯ. ಇಲ್ಲಿ ನೋಡು, ನನ್ನ ಫೋನಲ್ಲಿ ಚಕಚಕ ಅಂತ ಬರ್ತಿದೆ. ಶಿಸ್ತು ಬೇಕಾಗಿರೋದು ಸ್ಟೇರಿಂಗ್ ಹಿಡಿದವರಿಗೆ."

"ನೀವು ಯಾವತ್ತಾದ್ರೂ ಬಸ್ ಸ್ಟಾಪಲ್ಲಿ ನಿಂತಿದ್ದೀರಾ?"

ಜನಕ್ಕೆಲ್ಲ ಬಸ್ಸಿನ ಹೊತ್ತು ಹೇಳುವ ಈ ಮನುಷ್ಯ ಓಡಾಡುವುದು ಸ್ಕೂಟರಿನಲ್ಲಿ. ಮನೆ ಎದುರಿನ ಬೋರ್ಡು ದಿನಾ ಕಣ್ಣಿಗೆ ಬೀಳುತ್ತಿತ್ತು, ಬೀಳುತ್ತಿರಲಿಲ್ಲ ಎಂದಲ್ಲ. ಆದರೆ ಹಾದುಹೋಗುವವನಿಗೆ ಅದರಲ್ಲೇನೂ ಊನ ಕಾಣದು. ಎರಡು ನಿಮಿಷ ಎನ್ನುವುದು ಸುಳ್ಳೆಂದು ತಿಳಿಯಬೇಕಾದರೆ ಅಲ್ಲಿ ಎರಡು ನಿಮಿಷ ನಿಲ್ಲಬೇಕು.

ನನ್ನ ವಾರದ ರಜೆಯ ದಿನ ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ ಅಲ್ಲಿ ನಿಲ್ಲಿಸಿದೆ. ಅಕ್ಕ ಆಗಲೇ ಕಂಬಕ್ಕೆ ಒರಗಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತ ನಿಂತಿದ್ದಳು. ಬೋರ್ಡು ಎರಡು ನಿಮಿಷ ಎಂದಿತು. ಭಾವ ಗಡಿಯಾರ ನೋಡಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿಕೊಂಡರು. ಬೋರ್ಡು ಕದಲಲಿಲ್ಲ.

ತರಕಾರಿ ಬುಟ್ಟಿ ಇಳಿಸಿಕೊಂಡು ಕೂತಿದ್ದ ಹೆಂಗಸೊಬ್ಬಳು ನಿಟ್ಟುಸಿರು ಬಿಟ್ಟಳು. "ಇದನ್ನ ನೋಡ್ಕೊಳ್ಳೋ ಪುಣ್ಯಾತ್ಮ ಯಾರೋ, ಎಲ್ಲೋ ಹಾಯಾಗಿ ಕೂತಿರ್ತಾನೆ."

ಪುಣ್ಯಾತ್ಮ ಸ್ವೆಟರಿನೊಳಗೆ ಬೆವರುತ್ತ ಅವಳ ಪಕ್ಕದಲ್ಲೇ ನಿಂತಿದ್ದರು.

"ಬರುತ್ತೆ ಬಿಡಮ್ಮ" ಎಂದಳು ಅಕ್ಕ, ಗಂಡನ ಕಡೆ ತಿರುಗಿಯೂ ನೋಡದೆ. "ಬೋರ್ಡೇ ಹೇಳ್ತಿದೆಯಲ್ಲ."

ಭಾವನ ಮುಖ ಸಣ್ಣದಾಯಿತು. ಸ್ಕೂಟರ್ ಹತ್ತಿ ಡಿಪೋಗೆ ಹೋದರು.

ಕಾರಣ ಸಿಗಲು ಹೊತ್ತೇನೂ ಹಿಡಿಯಲಿಲ್ಲ. ಹುಡುಕಬೇಕೆಂದು ಅಲ್ಲಿಯವರೆಗೆ ಅನ್ನಿಸಿರಲಿಲ್ಲ, ಅಷ್ಟೆ. ಸರ್ವರ್‌ನ ಹೊಸ ಆವೃತ್ತಿಗೆ ಹಳೇ ಬೀಗದ ಕೈ ಹಿಡಿಸುವುದಿಲ್ಲ. ಬೋರ್ಡುಗಳ ಹತ್ತಿರ ಇರುವುದು ಹಳೇ ಕೈ ಮಾತ್ರ. ಅವನ್ನು ಮಾಡಿದ ಕಂಪನಿ ಮುಚ್ಚಿಹೋಗಿ ಬಹಳ ಕಾಲವಾಗಿದೆ, ಹೊಸ ಕೈ ಮಾಡಿಕೊಡುವವರಿಲ್ಲ. ಪಾಪ, ಬೋರ್ಡುಗಳು ಬಂದು ಬಾಗಿಲು ತಟ್ಟುತ್ತಲೇ ಇದ್ದವು, ಹೊಸ ಸರ್ವರ್ ಹೊರಗಿನಿಂದಲೇ ಅಟ್ಟುತ್ತಿತ್ತು. ಹೊಸ ಸುದ್ದಿ ಸಿಗದ ಬೋರ್ಡು ಕೊನೆಗೆ ಕೇಳಿದ್ದನ್ನೇ ಹೇಳುತ್ತ ಕೂತಿತ್ತು.

ಭಾವ ಹೋಗಿ ಹೇಳಿದಾಗ ಮ್ಯಾನೇಜರ್ ಸಾಹೇಬರಿಗೆ ಖುಷಿಯೇ ಆಯಿತು. ಬೋರ್ಡುಗಳ ರಿಪೇರಿ ಎಂದರೆ ಅವರಿಗೆ ಮೊದಲಿಂದ ತಲೆನೋವು. "ಒಳ್ಳೇದೇ ಆಯ್ತಲ್ಲ ಬಿಡಿ. ಬೋರ್ಡು ಹಳೇವು, ಹೊಸದಕ್ಕೆ ಹೊಂದಲ್ಲ ಅಂತ ನಾಳೆ ಮೀಟಿಂಗಲ್ಲಿ ಹೇಳಿಬಿಡಿ, ಎಲ್ಲಾ ಕಿತ್ತು ಹಾಕಿಸ್ತೀನಿ. ಹೇಗೂ ಎಲ್ಲರ ಕೈಲೂ ಫೋನಿದೆ. ನಿಮ್ಮ ಪ್ರಮೋಷನ್ ಮಾತೂ ನಾಳೆನೇ ಎತ್ತೋಣ ಅಂತಿದ್ದೀನಿ."

ಹಾಗೆ ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಬೋರ್ಡುಗಳು ಹಳೆಯವೇ. ಹಳೆಯದನ್ನು ಕಂಡರಾಗದ ಭಾವನಿಗಂತೂ ಆ ಮಾತು ನಾಲಿಗೆ ತುದಿಯಲ್ಲೇ ಇರುವಂಥದ್ದು. ಮರುದಿನ ಮೀಟಿಂಗ್ ನಡೆಯುವ ಕ್ಯಾಂಟೀನಿನಲ್ಲಿ ಹಿಂದಿನ ಬೆಂಚು ಹಿಡಿದು ಕೂತ ನಾನು ಭಾವನ ಬಾಯನ್ನೇ ನೋಡುತ್ತಿದ್ದೆ. ಬೋರ್ಡು ಹೋದರೆ ಅಕ್ಕ ಬೇಸಿಗೆಯೋ ಮಳೆಯೋ, ದಿನಾ ಆ ಕಂಬಕ್ಕೆ ಒರಗಿಯೇ ನಿಲ್ಲಬೇಕು.

ಭಾವ ಎದ್ದು ಸ್ವೆಟರಿನ ಗುಂಡಿ ಹಾಕಿಕೊಂಡರು, ಮತ್ತೆ ಬಿಚ್ಚಿದರು. "ಬೋರ್ಡು ಹಳೇವು, ನಿಜ. ಆದ್ರೆ ಅವು ಕೆಟ್ಟಿರಲಿಲ್ಲ. ಕೆಡಿಸಿದ್ದು ನಾನು. ಹೊಸದು ಹಾಕಿದ ಮೇಲೆ ಒಂದು ಸ್ಟಾಪಿಗೆ ಹೋಗಿ ನಿಂತು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನನ್ನದು, ಬೈಸಿಕೊಂಡಿದ್ದು ಡ್ರೈವರ್‌ಗಳು." ಹಳೇ ಕೈ ಒಪ್ಪುವ ಹಳೇ ಕಂಪ್ಯೂಟರೊಂದನ್ನು ನಡುವೆ ಇಟ್ಟು ಬೋರ್ಡುಗಳ ಜೊತೆ ಮಾತಾಡಲು ಬಿಡುತ್ತೇನೆ, ಬಸ್ಸಿನ ಹೊತ್ತು ಬಿಟ್ಟರೆ ಅದರಲ್ಲಿ ಕದಿಯಲು ಏನೂ ಇರುವುದಿಲ್ಲ, ದಯವಿಟ್ಟು ಕೀಳಿಸಬೇಡಿ ಎಂದು ಕೇಳಿಕೊಂಡರು.

ಡ್ರೈವರ್‌ಗಳೆಲ್ಲ ಬೆಂಚು ಬಡಿದರು. ಸಾಹೇಬರು ಬೇಡ ಎನ್ನಲಾಗದೆ ಮುಖ ಗಂಟು ಹಾಕಿಕೊಂಡು ಒಪ್ಪಿದರು. ಪ್ರಮೋಷನ್ ಮಾತನ್ನು ಯಾರೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಭಾವನ ಬಗ್ಗೆ ನನಗೆ ಅವತ್ತು ತುಂಬ ಹೆಮ್ಮೆ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಸಲಿಗೆ ಕೊಟ್ಟರೆ ಫೋನು ಕೇಳುತ್ತಾರೆ.

ಬೋರ್ಡುಗಳು ಮತ್ತೆ ಸರಿಯಾದ ದಿನ ಸಂಜೆ ನಾನು ಅಕ್ಕನ ಮನೆಯಲ್ಲೇ ಊಟಕ್ಕಿದ್ದೆ. ಊಟ ಮುಗಿದರೂ ಭಾವ ಏಳದೆ, ತಟ್ಟೆ ನೋಡುತ್ತ ಕೇಳಿದರು: "ಅಲ್ಲ, ಅಷ್ಟು ದಿನ ಹೋಗಿ ನಿಂತೆಯಲ್ಲ. ಬೋರ್ಡು ಸುಳ್ಳು ಹೇಳ್ತಿದೆ ಅಂತ ನಿನಗೆ ಗೊತ್ತಾಗಲೇ ಇಲ್ವಾ?"

"ಮೊದಲನೇ ದಿನವೇ ಗೊತ್ತಾಯ್ತು."

"ಹೇಳಬೇಕಿತ್ತಲ್ಲ ಮತ್ತೆ."

"ಹೇಳೋಣ ಅಂತಿದ್ದೆ. ಸಿಹಿ ತಂದುಕೊಟ್ಟು, ಅಷ್ಟು ಖುಷಿಯಾಗಿದ್ರಿ."

"ಸರಿ, ಮನೇಲೇ ಕೂತಿರಬಹುದಿತ್ತು. ಮಂಡಿ ನೋಯಿಸಿಕೊಂಡು ಇಳಿದು ಯಾಕೆ ಹೋದೆ?"

ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಳ್ಳುತ್ತಿದ್ದಳು. "ನೀವು ನೋಡ್ಕೊಳ್ಳೋ ಬೋರ್ಡನ್ನ ನಾನೇ ನಂಬದಿದ್ರೆ ಇನ್ಯಾರು ನಂಬ್ತಾರೆ ರೀ" ಎಂದಳು.

ಭಾವ ಎದ್ದು ಅವಳ ಕೈಯಿಂದ ತಟ್ಟೆಗಳನ್ನು ಕಿತ್ತುಕೊಂಡು, ಅವಳನ್ನು ಕೂರಿಸಿ, ತಾವೇ ಸಿಂಕಿನ ಮುಂದೆ ಹೋಗಿ ನಿಂತರು. ಆ ಮನೆಯಲ್ಲಿ ಇಷ್ಟು ವರ್ಷ ಉಂಡ ಮನುಷ್ಯ, ಸೋಪು ಎಲ್ಲಿದೆ ಎಂದು ಕೇಳಬೇಕಾಯಿತು. ಅಕ್ಕ ಕೂತಲ್ಲಿಂದಲೇ ಹೇಳಿದಳು.