ಹಿತ್ತಲಿನ ಈಸೋ ಟಾಕಿ

ನಮ್ಮೂರಿನಲ್ಲಿ ಕೆರೆಗೆ ಕಾಲಿಡುವಂತಿರಲಿಲ್ಲ. ನವಲಗುಂದದ ಕಡೆಯ ಕಪ್ಪು ಎರಿ ಮಣ್ಣಿನ ಹೊಲಗಳ ಊರುಗಳಲ್ಲಿ ಬಾವಿ ಎಲ್ಲಿ ತೋಡಿದರೂ ಉಪ್ಪುಪ್ಪು ಸವಳು ನೀರು. ಕುಡಿಯುವುದಕ್ಕೆ ಕೆರೆಯೊಂದೇ ಗತಿ. ಚಪ್ಪಲಿ ದಂಡೆಯಾಚೆ ಬಿಟ್ಟು, ಕೊಡ ಮುಳುಗಿಸಿ, ಸುಮ್ಮನೆ ತುಂಬಿಕೊಂಡು ಬರಬೇಕು. ಎಮ್ಮೆ ಇಳಿದರೆ ದಂಡ, ಹುಡುಗರು ಇಳಿದರೆ ಬೆನ್ನಿಗೆ ಏಟು. ಹೀಗಾಗಿ ನಮ್ಮೂರಿನ ಬಹಳ ಮಂದಿಗೆ ಈಸು ಬರುತ್ತಿರಲಿಲ್ಲ. ಅಂಥ ಊರಿನಲ್ಲಿ ಎಂಬತ್ತರ ದಶಕದ ನಡುವಿಗೆ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಈಸೋ ಟಾಕಿ, ಅಂದರೆ ಈಜುವ ತೊಟ್ಟಿ, ಎದ್ದಿತು, ಒಳಗೆಲ್ಲ ಬಿಳಿ ಟೈಲ್ಸ್ ಹಚ್ಚಿದ್ದು. ನವಲಗುಂದದ ಸಂತೆಗೆ ಹೋಗುವವರು ಕೂಡ ದಾರಿ ತಪ್ಪಿಸಿ ಬಂದು ಇಣುಕಿ ಹೋಗುತ್ತಿದ್ದರು.

ಅದನ್ನು ಕಟ್ಟಿಸಿದ್ದು ನನ್ನ ಸಲುವಾಗಿ, ಈಸಲಿಕ್ಕಲ್ಲ, ನಡೆಯಲಿಕ್ಕೆ. ನಾನು ಮೂರು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಒಣಗಿತ್ತು. ಹನ್ನೊಂದಾದರೂ ಕಂಕುಳಲ್ಲಿ ಕೋಲು ಇಟ್ಟುಕೊಂಡೇ ಓಡಾಟ, ದೂರ ಹೋಗಬೇಕೆಂದರೆ ಯಾರದಾದರೂ ಹೆಗಲು. ಅಪ್ಪ ನನ್ನನ್ನು ಹುಬ್ಬಳ್ಳಿಯ ಡಾಕ್ಟರರಿಗೆ ತೋರಿಸಿದ. ಅವರು ಕಾಲನ್ನು ಮಡಚಿ, ಚಾಚಿ, ಬಹಳ ಹೊತ್ತು ನೋಡಿ ಹೇಳಿದರು: "ಎದಿಮಟಾ ನೀರಾಗ ದಿನಾ ಅಡ್ಡಾಡಸ್ರಿ. ನೀರು ಮೈಭಾರ ಹೊರತೈತಿ, ಕಾಲಿಗೆ ಬಲಾ ಬಂದ್ರೂ ಬರಬಹುದು. ಆದ್ರ ವರ್ಷಗಟ್ಟಲೆ ಮಾಡಬೇಕ್ರಿ, ನಡುವ ಕೈಬಿಟ್ರ ಉಪಯೋಗ ಇಲ್ಲ."

ಬಂದ್ರೂ ಬರಬಹುದು ಎಂಬ ಮಾತನ್ನು ನಾನು ಬರುತ್ತದೆ ಎಂದೇ ಕೇಳಿಸಿಕೊಂಡೆ. ಮನೆಯವರೂ ಹಾಗೆಯೇ ಕೇಳಿಸಿಕೊಂಡಿದ್ದಾರೆ ಎಂದು ತಿಳಿದಿದ್ದೆ.

ಹೆಗಲು ಅಂದೆನಲ್ಲ, ಅದು ಹೆಚ್ಚಾಗಿ ಮಾಮಾನ ಹೆಗಲು. ಅವ್ವನ ತಮ್ಮ. ಅವ್ವನ ತವರು ಪಕ್ಕದ ಊರೇ, ಸೈಕಲ್ ಹತ್ತಿ ವಾರಕ್ಕೊಮ್ಮೆಯಾದರೂ ಬಂದುಬಿಡುತ್ತಿದ್ದ. ಬಂದವನೇ ಮೊದಲು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಬೇಕು, ಆಮೇಲೆ ಅವನಿಗೆ ನೀರು, ಚಹಾ. ನನ್ನ ಕಿವಿ ಚುಚ್ಚುವಾಗ ಕೂರಿಸಿಕೊಂಡ ತೊಡೆಯೂ ಅವನದೇ. ನನಗೆ ಅಪ್ಪನ ಮೇಲೆ ಭಯ, ಅವ್ವನ ಮೇಲೆ ಸಿಟ್ಟು ಇರುತ್ತಿತ್ತು. ಮಾಮಾನ ಮೇಲೆ ಮಾತ್ರ ಬರೀ ಪ್ರೀತಿ. ಮಾಮಾ ಹೇಳಿದನೆಂದರೆ ಮುಗಿಯಿತು, ಸೂರ್ಯ ನಮ್ಮೂರಿನ ಪಡುವಣದಲ್ಲಿ ಹುಟ್ಟುತ್ತಾನೆ ಎಂದಿದ್ದರೂ ನಂಬುತ್ತಿದ್ದೆ.

ಟಾಕಿ ಕಟ್ಟುವುದು ಸುಲಭ, ಒಳಗೆ ಏನು ಹಾಕಬೇಕು ಎಂಬುದೇ ತಕರಾರು. ಬರೀ ಸಿಮೆಂಟ್ ಬಿಟ್ಟರೆ ನೆಲ ತರಿತರಿ. ನನ್ನ ಎಡಗಾಲು ಎತ್ತಿ ಇಡಲು ಬರುತ್ತಿರಲಿಲ್ಲ, ಎಳೆದುಕೊಂಡೇ ಹೋಗಬೇಕು. ನಾಲ್ಕು ದಿನದಲ್ಲಿ ಬೆರಳಿನ ಚರ್ಮ ಸುಲಿದು ಹೋಗುತ್ತಿತ್ತು. ಅದಕ್ಕೆ ಟೈಲ್ಸ್. ಊರಿನ ಗೌಂಡಿಯನ್ನು ಕರೆಸಿದರೆ ಅವನು ಕೈ ಮುಗಿದ. "ನೆಲಕ್ಕ ಫರಸಿ ಹಾಕೇನಿ, ದನದ ಗ್ವಾದಲಿ ಕಟ್ಟೇನಿ. ನೀರಾಗ ನಿಲ್ಲೂ ಹಂಗ ಟೈಲ್ಸ್ ಹಚ್ಚಿದಾಂವ ಅಲ್ರಿ ನಾ. ಗೊತ್ತಿದ್ದಾಂವನ್ನ ಕರಸ್ರಿ." ನೇರ ಮಾತಿನ ಮನುಷ್ಯ, ಅವನಿಗೆ ಚಹಾ ಕೊಟ್ಟು ಕಳಿಸಿದೆವು.

ಟೈಲ್ಸಿನ ದರ ಕೇಳಿ ಬಂದ ದಿನ ಅಪ್ಪ ಊಟಕ್ಕೆ ಕುಳಿತು ರೊಟ್ಟಿ ಮುರಿಯುತ್ತಲೇ ಇದ್ದ, ತಿನ್ನಲಿಲ್ಲ. ಟೈಲ್ಸಿಗಿಂತ ಹಚ್ಚುವ ಕೂಲಿಯೇ ತುಟ್ಟಿ. ಗೋಡೆಗೆ ಒಂದು ದರ, ನೆಲಕ್ಕೆ ಇನ್ನೊಂದು, ಮೂಲೆ ತಿರುಗಿಸುವುದಕ್ಕೆ ಬೇರೆಯೇ, ಸಂದಿಗೆ ತುಂಬುವ ಬಿಳಿ ಸಿಮೆಂಟಿಗೆ ಮತ್ತೆ ಬೇರೆ. ಎಲ್ಲ ಕೂಡಿಸಿದರೆ ಆ ವರ್ಷದ ಹತ್ತಿ ಪೂರ್ತಿ ಟಾಕಿಯ ಹೊಟ್ಟೆಗೆ. ಅವ್ವ ಮಾಡಿಸಿಕೊಳ್ಳಬೇಕೆಂದಿದ್ದ ಬಂಗಾರದ ಬಿಲ್ವಾರದ ಮಾತನ್ನು ಅವಳೇ ಮುಂದಕ್ಕೆ ಹಾಕಿದಳು. ಮನೆಯಲ್ಲಿ ಯಾರೂ ಗೊಣಗಲಿಲ್ಲ. ಇಷ್ಟು ಮಂದಿ ನನ್ನ ಒಂದು ಕಾಲಿನ ಬೆನ್ನಿಗೆ ನಿಂತಿದ್ದಾರಲ್ಲ ಎಂದು ನಾನು ಒಳಗೊಳಗೇ ಉಬ್ಬಿಹೋದೆ.

ಅಪ್ಪ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವ ಪೈಕಿ. ಟೈಲ್ಸ್ ಹಚ್ಚುವ ಮಿಸ್ತ್ರಿಯನ್ನೂ ಹಾಗೇ ನೋಡಿದ. ಹುಬ್ಬಳ್ಳಿಯಲ್ಲಿ ಒಬ್ಬ ಫಳಫಳ ಹೊಳೆಯುವ ಹೊಸ ಬಚ್ಚಲು ತೋರಿಸಿದರೆ, "ಹೊಸಾದು ಬ್ಯಾಡಪಾ, ಹಳೇದು ತೋರ್ಸು, ನೀರಾಗ ನಿಂತು ವರ್ಷಗಟ್ಟಲೆ ಬಾಳಿದ್ದು" ಎಂದು ಎದ್ದು ಬಂದ. ಇನ್ನೊಬ್ಬ ಊರ ಮಂದಿಯ ಹೊಗಳಿಕೆಯ ಮೇಲೆಯೇ ಕೆಲಸ ಕೇಳಿದ. ಕೊನೆಗೆ ಸಿಕ್ಕವನು ಹೆಚ್ಚು ಮಾತಾಡದೆ ಅಪ್ಪನನ್ನು ಒಂದು ಕಾರಖಾನೆಯ ಹಳೇ ಟಾಕಿಯ ಹತ್ತಿರ ಕರೆದೊಯ್ದ. ಅಪ್ಪ ಅಂಗಿ ತೆಗೆದು ಒಳಗಿಳಿದು, ನಾಣ್ಯದಿಂದ ಒಂದೊಂದೇ ಟೈಲ್ಸನ್ನು ಬಾರಿಸಿ ನೋಡಿದನಂತೆ. ಒಳಗೆ ಸಿಮೆಂಟ್ ಸರಿಯಾಗಿ ಕೂತಿರದಿದ್ದರೆ ಟೊಳ್ಳು ಸದ್ದು ಬರುತ್ತದೆ. ಒಂದೂ ಬರಲಿಲ್ಲ. ಸಂದಿಯ ಮೇಲೆ ಉಗುರು ಎಳೆದರೆ ಎಲ್ಲಿಯೂ ಸಿಕ್ಕಲಿಲ್ಲ. ಗೋಡೆಯಿಂದ ಹಿಡಿದು ಟೈಲ್ಸಿನವರೆಗೆ ಅವನನ್ನೇ ಗೊತ್ತು ಮಾಡಿ ಬಂದ. ಇವತ್ತಿಗೂ ಹೇಳುತ್ತೇನೆ, ಮಿಸ್ತ್ರಿಯ ಆಯ್ಕೆಯಲ್ಲಿ ಅಪ್ಪ ಕೂದಲೆಳೆಯಷ್ಟೂ ತಪ್ಪಲಿಲ್ಲ. ಪರೀಕ್ಷೆ ಮಾಡದೆ ಬಿಟ್ಟದ್ದು ಬೇರೊಬ್ಬನನ್ನು.

ಮಿಸ್ತ್ರಿ ಬರುವ ಹೊತ್ತಿಗೆ ಹತ್ತಿ ಬಿಡಿಸುವ ಹಂಗಾಮು. ಅಪ್ಪ ಹೊಲ ಬಿಟ್ಟು ಬರುವಂತಿರಲಿಲ್ಲ. ಮಾಮಾ ತಾನಾಗಿ ಬಂದು ನಿಂತ. "ನೀವು ಹೊಲಾ ನೋಡಕೋರಿ, ಇದು ನನ್ನ ಹುಡುಗಿ ಕೆಲಸ, ನಾ ನಿಂತು ಮಾಡಸ್ತೇನಿ." ಹೆಂಡತಿಯ ತಮ್ಮ ಇಷ್ಟು ಹೇಳಿದ ಮೇಲೆ ನಮ್ಮ ಕಡೆ ಯಾವ ಗಂಡಸೂ ಹಿಂದಿನಿಂದ ಹೋಗಿ ವಿಚಾರಿಸುವುದಿಲ್ಲ. ವಿಚಾರಿಸಿದರೆ ಅದು ಕೆಲಸವನ್ನು ನೋಡಿದಂತಲ್ಲ, ಹೆಂಡತಿಯ ತವರನ್ನೇ ಸಂಶಯದಿಂದ ನೋಡಿದಂತೆ. ಅಪ್ಪ ಸಂಜೆ ಬಂದು ಟಾಕಿಯ ಅಂಚಿನಲ್ಲಿ ನಿಂತು, "ಚಲೋ ನಡದೈತಿ" ಎಂದು ಕೈಕಾಲು ತೊಳೆಯಲು ಹೋಗುತ್ತಿದ್ದ. ಅವ್ವನಂತೂ ತಮ್ಮನಿಗೆ ದಿನಕ್ಕೊಂದು ಬಗೆ ಮಾಡಿ ಬಡಿಸಿದ್ದೇ ಬಡಿಸಿದ್ದು.

ಕೆಲಸ ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು, ರೊಕ್ಕವೂ ಉಳಿಯಿತು. ಉಳಿದದ್ದನ್ನು ಮಾಮಾ ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದು ಅವ್ವನ ಕೈಗೆ ಇಟ್ಟ. ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಳು, "ಬ್ಯಾರೆ ಯಾರರ ಆಗಿದ್ರ ನುಂಗಿ ನೀರ ಕುಡೀತಿದ್ರು, ನನ್ನ ತಮ್ಮ ನೋಡ್ರಿ, ಉಳಿಸಿ ತಂದಾನ" ಎಂದು. ಮಿಸ್ತ್ರಿಗೆ ಧೋತರ, ಟೊಪ್ಪಿಗೆ ಕೊಟ್ಟು ಆಯೇರಿ ಮಾಡಿದರು. ಅವನು ಆಯೇರಿ ತೆಗೆದುಕೊಳ್ಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಸಂಕೋಚದ ಮನುಷ್ಯ ಅಂದುಕೊಂಡೆವು.

ಆ ಬೇಸಿಗೆಯನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಸಿಟ್ಟು ಬರುವುದೂ ಅದಕ್ಕೇ. ಬಾವಿಯಿಂದ ತುಂಬಿಸಿ ಬಿಸಿಲಿಗೆ ಕಾದ ಸವಳು ನೀರಿನಲ್ಲಿ ಇಳಿದರೆ ಕೋಲು ಬೇಕಿರಲಿಲ್ಲ. ಮೊದಲು ಅಂಚು ಹಿಡಿದು ಸುತ್ತಿದೆ. ಆಮೇಲೆ ಒಂದು ಕೈ ಬಿಟ್ಟೆ. ಕಾಲಿನಡಿಯ ಟೈಲ್ಸ್ ತಣ್ಣಗೆ, ನುಣ್ಣಗೆ, ಆದರೂ ಜಾರದ ಹಾಗೆ ಗೀರು ಇದ್ದದ್ದು. ಎಡಗಾಲು ಮೊದಮೊದಲು ಹಿಂದೆಯೇ ಉಳಿಯುತ್ತಿತ್ತು. ಮುಂಗಾರು ಇನ್ನೇನು ಬಂತು ಎನ್ನುವಾಗ ಒಂದು ಮಧ್ಯಾಹ್ನ, ಎರಡೂ ಕೈ ಬಿಟ್ಟು, ಈ ಗೋಡೆಯಿಂದ ಆ ಗೋಡೆಗೆ ನಡೆದೆ. ನೀರಿನೊಳಗೆ ನನ್ನ ಎಡಗಾಲು ನಾನು ಹೇಳಿದ ಹಾಗೆ ಕೇಳಿತು. ಅಂಚಿನಲ್ಲಿ ಕುಳಿತಿದ್ದ ಮಾಮಾ ಎದ್ದು ಚಪ್ಪಾಳೆ ತಟ್ಟಿದ. "ಶಾಬಾಸ್! ಏ ಅಕ್ಕಾ, ಬಾ ಇಲ್ಲೆ, ನಿನ್ನ ಮಗಳ ನಡದಾಳ ನೋಡು!" ಅವನ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳು ನೀರಲ್ಲ ಅದು, ನಾನು ನೋಡಿದ್ದೇನೆ.

ಮಳೆ ಹಿಡಿಯಿತು. ಶ್ರಾವಣದ ಹೊತ್ತಿಗೆ ಟಾಕಿಯ ಗೋಡೆ ಒಳಗೆ ಹೊಟ್ಟೆ ಬಿಟ್ಟಂತೆ ಕಾಣತೊಡಗಿತು. ಸಂದಿಯಲ್ಲಿ ಬಿಳಿ ಉಪ್ಪು ಒಸರಿತು. ಒಂದು ದಿನ ನಾನು ನೀರಿನಲ್ಲಿ ತಿರುಗುವಾಗ ನೆಲಕ್ಕೆ ಬಿದ್ದಿದ್ದ ಒಡೆದ ಟೈಲ್ಸಿನ ಮೇಲೆ ಕಾಲಿಟ್ಟೆ. ಕುಯ್ದದ್ದು ಬಲಗಾಲಿನ ಅಂಗಾಲು, ನನ್ನ ಇದ್ದೊಂದು ಗಟ್ಟಿ ಕಾಲು. ನವಲಗುಂದದಲ್ಲಿ ಹೊಲಿಗೆ ಹಾಕಿದರು, ಆದರೂ ಅದು ಕೀವಾಗಿ ನಾನು ಹಾಸಿಗೆ ಹಿಡಿದೆ. ಎರಡೂ ಕಾಲು ಇಲ್ಲದವಳ ಹಾಗೆ ಬಚ್ಚಲಿಗೂ ಎತ್ತಿಕೊಂಡು ಹೋಗಬೇಕು. ಇತ್ತ ಟಾಕಿಯ ನೀರು ಬಿಟ್ಟು ಖಾಲಿ ಮಾಡಿದರೆ, ಟೈಲ್ಸ್ ಉಳ್ಳಾಗಡ್ಡಿಯ ಸಿಪ್ಪೆಯ ಹಾಗೆ ಒಂದೊಂದೇ ಬಿಟ್ಟು ಬಿದ್ದವು.

ಅಪ್ಪ ಹುಬ್ಬಳ್ಳಿಗೆ ಹೇಳಿ ಕಳಿಸಿದ. ಮಿಸ್ತ್ರಿ ತಪ್ಪಿಸಿಕೊಳ್ಳಬಹುದಿತ್ತು. ಕರಣಿ, ಗೋಡೆಯ ನೇರ ನೋಡುವ ಗುಂಡಿನ ದಾರ ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟ. ಅವತ್ತು ಮಾಮಾನೂ ನನ್ನ ಗಾಯ ನೋಡಲು ಬಂದಿದ್ದ. ನನ್ನನ್ನು ಮಲಗಿದ್ದ ಹೊರಸಿನ ಸಮೇತ ಹಿತ್ತಲಿಗೆ ತಂದು ಹಾಕಿದ್ದರು. ಅಪ್ಪ ಒಡೆದ ಒಂದು ಟೈಲ್ಸನ್ನು ಮಿಸ್ತ್ರಿಯ ಕಾಲ ಬಳಿ ಒಗೆದು ಬೈಯತೊಡಗಿದ. ಮಿಸ್ತ್ರಿ ಅಷ್ಟನ್ನೂ ಕೇಳಿ, ಆಮೇಲೆ ಬಾಯಿ ತೆರೆದ.

"ಸಾಹುಕಾರ್ರ, ಮೊದಲನೇ ದಿನಾನ ಹೇಳೇನ್ರಿ ನಾ. ಇದು ಎರಿ ಮಣ್ಣು, ಮಳಿಗೆ ಉಬ್ಬತೈತಿ, ಗ್ವಾಡಿ ದಬ್ಬತೈತಿ. ಸುತ್ತಲೂ ಅಗದು ಉಬ್ಬಲಾರದ ಗರಸು ಮಣ್ಣು ತುಂಬ್ರಿ ಅಂದೆ. ಸವಳ ನೀರಾಗ ಸಿಮಿಟ ಕಲಸಬಾರದು, ಹಿರ್ಯಾರನ್ನ ಕೇಳಿ ಕೆರಿ ನೀರ ತರಸ್ರಿ ಅಂದೆ. ಗ್ವಾಡಿಗೆ ಸಿಮಿಟಿನ ಗಿಲಾವ ಆದಮ್ಯಾಲ ಹದಿನೈದ ದಿನಾ ನೀರ ತುಂಬಿ ನೋಡೂಣು, ಸೋರಲಿಲ್ಲಂದ್ರ ಟೈಲ್ಸ್ ಹಚ್ಚೂಣು ಅಂದೆ."

"ಯಾರಿಗೆ ಅಂದಿ?" ಅಪ್ಪ ಕೇಳಿದ.

ಮಿಸ್ತ್ರಿ ಮಾಮಾನ ಕಡೆ ಕೈ ಮಾಡಿದ. "ಇವ್ರಿಗ್ರಿ. 'ಅಷ್ಟೆಲ್ಲಾ ಬ್ಯಾಡೋ ಮಾರಾಯಾ, ಒಂದು ಬ್ಯಾಸಗಿ ತಡದ್ರ ಸಾಕು. ಹುಡುಗಿ ಏನ್ ನಡಿಯಾಕಿ ಅಲ್ಲ, ಆಕಿ ಮನಸಿಗೆ ಸಮಾಧಾನ ಆಗ್ಲಿ ಅಂತ ಕಟ್ಟಸಾಕತ್ತೇವಿ' ಅಂದ್ರು. ಕೆಲಸ ಕೊಟ್ಟವ್ರ ಮಾತು, ಏನ್ ಮಾಡ್ಲಿರಿ?"

ಏನು ಮಾಡಲಿ ಎಂದು ಅವನು ಕೇಳಿದ್ದಕ್ಕೂ ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಕೆಟ್ಟ ಕೆಲಸ ಮಾಡಿದವನು ಅವನು. ಆದರೆ ಅವನು ನನಗೆ ಏನಾಗಬೇಕು? ನಾನು ಮಾಮಾನ ಮುಖ ನೋಡುತ್ತಿದ್ದೆ. ಸುಳ್ಳು ಹೇಳುತ್ತಾನೆ ಇವನು, ಎಂದು ಮಾಮಾ ಎದ್ದು ಮಿಸ್ತ್ರಿಯ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಾದೆ. ಮಾಮಾ ನೆಲ ನೋಡುತ್ತ ಕುಳಿತ.

ಒಂದು ಪೈಸೆ ತಿಂದವನಲ್ಲ ಅವನು. ತಿಂದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆಸೆಬುರುಕ ಎಂದು ಬೈದು, ನಾಲ್ಕು ದಿನ ಮಾತು ಬಿಟ್ಟು, ಮತ್ತೆ ಅವನ ಹೆಗಲು ಹತ್ತುತ್ತಿದ್ದೆ. ಆದರೆ ಮಾಮಾ ಉಳಿಸಿದ್ದ. ನಡೆಯಲಾರದವಳ ಮೇಲೆ ಅಕ್ಕನ ಮನೆಯ ದುಡ್ಡು ದಂಡವಾಗಬಾರದು ಎಂದು ಕಳಕಳಿಯಿಂದ ಉಳಿಸಿದ್ದ.

"ಮಾಮಾ," ಅಂದೆ. "ನಾ ನಡದಾಗ ನೀ ಚಪ್ಪಾಳಿ ಹೊಡದೆಲ್ಲ? ಅವತ್ತರ ಹೇಳಬೇಕಿತ್ತಿಲ್ಲೋ? ಮಳಿ ಬರೂದರಾಗ ಸರಿ ಮಾಡಸ್ರಿ ಅಂತ?"

ಅವನು ನಿಧಾನವಾಗಿ ತಲೆ ಎತ್ತಿದ. "ನೀರಾಗ ನಡದದ್ದು ಖರೇ ನಡಗಿ ಅಂತ ನಾ ತಿಳೀಲಿಲ್ಲ, ನನ್ನವ್ವಾ. ಬ್ಯಾಸಗಿ ಮುಗದ್ರ ನೀನ ಬ್ಯಾಸತ್ತು ಬಿಡ್ತಿ ಅಂದ್ಕೊಂಡಿದ್ದೆ." ಎದ್ದು ಬಂದು ಎಂದಿನ ಹಾಗೆ ನನ್ನನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ. ನಾನು ಹೊರಸಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನ ಬೆರಳು ತಾಗಿದರೆ ಕಚ್ಚಿಬಿಡುತ್ತಿದ್ದೆನೇನೋ. ಅವನಿಗೆ ತಿಳಿಯಿತು, ಹಿಂದೆ ಸರಿದ.

ಮಿಸ್ತ್ರಿ ಅಷ್ಟರಲ್ಲಿ ಖಾಲಿ ಟಾಕಿಯೊಳಗೆ ಇಳಿದು ಗೋಡೆಗೆ ದಾರ ಹಿಡಿದು ನೋಡಿ ಬಂದಿದ್ದ. "ಪೂರಾ ಬಿಚ್ಚಬೇಕ್ರಿ. ಗರಸು, ಕೆರಿ ನೀರು ಕೊಡ್ರಿ, ಅರ್ಧಾ ಕೂಲಿಗೆ ಮಾಡಿಕೊಡ್ತೇನಿ. ಮುಂದ ಇಪ್ಪತ್ತ ವರ್ಷ ನೋಡೂದ ಬ್ಯಾಡ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವ್ವ, ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ, "ಮತ್ತ ಎದಕ್ಕರೀ ಅಷ್ಟ ಖರ್ಚು? ಸಾಕಿನ್ನ" ಅಂದಳು. ತಮ್ಮನ ಮರ್ಯಾದೆ ಕಾಯಲು ಅಂದಳೋ ಎಂದು ಒಂದು ಗಳಿಗೆ ಆಸೆಪಟ್ಟೆ. ಆದರೆ ಅವಳ ದನಿ ನನಗೆ ಗೊತ್ತಿಲ್ಲದ್ದೇ? ಬಿಲ್ವಾರ ಬಿಟ್ಟುಕೊಟ್ಟ ಅವಳೂ ನನ್ನ ಸಮಾಧಾನಕ್ಕೇ ಅದೆಲ್ಲ ಮಾಡಿದ್ದು. ಮಾಮಾ ಬಾಯಿಬಿಟ್ಟು ಹೇಳಿದ್ದ, ಅವಳು ಹೇಳಿರಲಿಲ್ಲ, ಅಷ್ಟೇ.

ಉಳಿದವನು ಅಪ್ಪ. ಹಳೇ ಟಾಕಿಯಲ್ಲಿ ಅಂಗಿ ತೆಗೆದು ಇಳಿದು ಟೈಲ್ಸ್ ಬಾರಿಸಿದವನು. ನಾನು ಹೊರಸಿನ ಮೇಲೆ ಮೊಣಕೈ ಊರಿ ಎದ್ದು ಕುಳಿತು, "ಅಪ್ಪಾ, ಕಟ್ಟಸ್ರಿ. ನಾ ನಡದೇನ್ರಿ, ಖರೇನ ನಡದೇನಿ" ಅಂದೆ. ಮಿಸ್ತ್ರಿ ಚೀಲ ಕೆಳಗಿಟ್ಟು ಅಪ್ಪನ ಮಾತಿಗಾಗಿ ಕಾದ.

ಅಪ್ಪ ಟಾಕಿಯನ್ನು ನೋಡಿದ, ಅವ್ವನನ್ನು ನೋಡಿದ, ಆಮೇಲೆ ನನ್ನ ಕಾಲುಗಳನ್ನು ನೋಡಿದ. "ನೋಡೂಣವಾ" ಅಂದ.

ಹೊಲವನ್ನು ಲಾವಣಿಗೆ, ಗೇಣಿಗೆ ಕೇಳಿ ಬಂದವರಿಗೆ, ಎತ್ತು ಕಡ ಕೇಳಿ ಬಂದವರಿಗೆ, ಇಲ್ಲ ಎಂದು ಮುಖಕ್ಕೆ ಹೇಳಲಾಗದ ಕಡೆಯೆಲ್ಲ ಅಪ್ಪ ಹೇಳುತ್ತಿದ್ದ ಮಾತು ಅದು. ನನಗೆ ಹೇಳಿದ್ದು ಅವತ್ತೇ ಮೊದಲು.