ಶುಭಾ ಮಿಸ್ ಹೇಳ್ತಿದ್ದ ಕಬ್ಬಿನ ಕಥಿ

ಶುಭಾ ಮಿಸ್ ಅವರ ರೀಲ್ ಒಂದು ಲಕ್ಷ ವ್ಯೂಸ್ ದಾಟಿದ ದಿನ ಟ್ಯೂಷನ್ ಕ್ಲಾಸಿನ ಹುಡುಗ್ರು ಬೋರ್ಡ್ ತುಂಬ ಕಬ್ಬಿನ ಚಿತ್ರ ತೆಗೆದು, 'ಕಬ್ಬಿನ ಮಿಸ್‌ಗೆ ಜೈ' ಅಂತ ಬರೆದು, ಚಾಕ್ಲೇಟ್ ಹಂಚಿ, ಮಿಸ್ ಒಳಗ ಬಂದ ಕೂಡ್ಲೇ ಬೆಂಚು ಬಡಿದೂ ಬಡಿದೂ ಕೆಳಗಿನ ಮೊಬೈಲ್ ಅಂಗಡಿಯವನು ಏನಾತಪ್ಪಾ ಅಂತ ಮ್ಯಾಲೆ ಹತ್ತಿ ಬರೋವಷ್ಟು ಗದ್ದಲ ಮಾಡಿದ್ರು. ಮಿಸ್ ನಗಲಿಲ್ಲ. ಡಸ್ಟರ್ ತೊಗೊಂಡು ಮೂಲಿಯಿಂದ ಮೂಲಿಗೆ ಎಲ್ಲಾ ಅಳಿಸಿ, "ಟ್ರಿಗ್ನಾಮೆಟ್ರಿ ತೆಗೀರಿ" ಅಂದ್ರು. ಮಿಸ್ ನಾಚ್ಕೊಂಡ್ರು ಅಂತ ಹುಡುಗ್ರು ಇನ್ನೂ ಜೋರು ಕೂಗಿದ್ರು. ಮಿಸ್ ಬೋರ್ಡಿನ ಕಡೆ ಮುಖ ಮಾಡ್ಕೊಂಡು ಭಾಳ ಹೊತ್ತು ಸೈನು, ಕಾಸು ಬರೀತಾನೇ ಇದ್ರು, ಯಾಕಂದ್ರ ಈ ಕಡೆ ತಿರುಗಿದ್ರ ಮುಖ ತೋರಿಸಬೇಕಾಗ್ತಿತ್ತು.

ನಲವತ್ತಾರು ವರ್ಷದ ಶುಭಾ ಮಿಸ್ ಹುಟ್ಟಿದ್ದು, ಬೆಳೆದಿದ್ದು, ಈಗ ಮ್ಯಾಥ್ಸ್ ಟ್ಯೂಷನ್ ಹೇಳೋದು ಎಲ್ಲಾ ಹೊಸಪೇಟಿಯ ಅದೇ ಬಂಡಿ ಓಣಿಯೊಳಗ. ಗಂಡ ಭಾರ್ಗವ್ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಗೆ ಶಿಫ್ಟ್ ಬಸ್ಸಿನಾಗ ಹೋಗಿ ಬರ್ತಾರ, ಮನಿ ಎರಡು ಕ್ರಾಸ್ ಆಚೆ. ಮಿಸ್ ಅವರ ತಂದಿ ಪುರಂದರಾಚಾರ್ರು ಪೋಸ್ಟ್ ಆಫೀಸಿನ ಕ್ಲರ್ಕು. ಅವರಿದ್ದ ಹೆಂಚಿನ ಬಾಡಿಗಿ ಮನಿ ಇತ್ತಲ್ಲ, ಅಲ್ಲಿ ಈಗ ಮೂರು ಫ್ಲೋರಿನ ಜಿಮ್. ಎದುರಿಗಿದ್ದ ಬಾವಿ ಮ್ಯಾಲೆ ಸ್ಲ್ಯಾಬ್ ಬಿದ್ದು ಬೈಕ್ ಪಾರ್ಕಿಂಗ್. ಮಿಕ್ಕಿದ್ದೆಲ್ಲಾ ಹಂಪಿಗೆ ಬರೋ ಟೂರಿಸ್ಟ್ ಮಂದಿಯ ಲಾಡ್ಜು, ಗೋಡಿ ಮ್ಯಾಲೆ ಕಲ್ಲಿನ ರಥದ ಪೇಂಟಿಂಗು, ಅದೂ ನಾಕು ಲಾಡ್ಜಿಗೂ ಒಬ್ಬನೇ ಪೇಂಟರು, ಒಂದೇ ರಥ!

ಬಂಡಿ ಅನ್ನೋದು ಆ ಓಣಿಯೊಳಗ ಒಂದೂ ಇಲ್ಲ. ಒಂದು ಕಾಲದಾಗ ಹಂಗಿರಲಿಲ್ಲ. ದೀಪಾವಳಿ ಆಗಿ ಕಬ್ಬಿನ ಸೀಸನ್ ಶುರು ಆತು ಅಂದ್ರ ಬುಕ್ಕಸಾಗರ, ಕಮಲಾಪುರ ಕಡೆಯಿಂದ ಕಬ್ಬಿನ ಬಂಡಿ ಇದೇ ಓಣಿ ಹಾದು ಸಕ್ಕರಿ ಫ್ಯಾಕ್ಟರಿಗೆ ಹೋಗ್ತಿದ್ವು, ಒಂದರ ಹಿಂದ ಒಂದು, ಬೆಳಗಿನಿಂದ ಸಂಜಿತನಕ. ಸಾಲ್ಯಾಗ ಬೆಲ್ ಹೊಡೆದ್ರ ಓಣಿ ಹುಡುಗ್ರು ಮನಿಗೆ ಹೋಗ್ತಿದ್ದಿಲ್ಲ, ಬಂಡಿ ಹಿಂದ ಹೋಗ್ತಿದ್ರು. ಕಬ್ಬು ಎಳೆಯೋಕ!

ಅದಕ್ಕೊಂದು ಸಿಸ್ಟಮ್ ಇತ್ತು. ಹಿಂದ ನಾಕು ಮಂದಿ ಎಳೆಯೋರು. ಮುಂದ ಒಬ್ಬರು ಬಂಡಿಯವನ ಜೊತಿ ಮಾತಾಡೋರು. ಆ ಮುಂದಿನ ಕೆಲಸ ಹತ್ತು ವರ್ಷದ ಶುಭಾಂದು. ಎರಡು ಜಡಿ, ರಿಬ್ಬನ್, ಕೆಂಪು ಲಂಗ, ಆಚಾರ್ರ ಮಗಳು, ಯಾರು ಡೌಟ್ ಪಡ್ತಾರ? ಎರ್ರಿಯಪ್ಪ ಅನ್ನೋ ಬುಕ್ಕಸಾಗರದ ಬಂಡಿಯವನಂತೂ ಇಕಿನ್ನ ಕಂಡ್ರ ಬಂಡಿ ಸಾವಕಾಶ ಮಾಡ್ತಿದ್ದ.

"ಮಾಮಾ, ಎತ್ತಿನ ಹೆಸರೇನ್ರಿ?"

"ನಿನ್ನೇನ ಹೇಳೀನಲ್ಲವ್ವ, ಎಡಕ್ಕಿರೋದು ಕೆಂದ, ಬಲಕ್ಕಿರೋದು ಚಿಗರಿ."

"ಚಿಗರಿ ಅಂತ ಯಾಕ್ರಿ?"

ಅಷ್ಟು ಕೇಳಿದ್ರ ಸಾಕು. ಚಿಗರಿ ಹುಟ್ಟಿದ ಕೂಡ್ಲೇ ಎದ್ದು ಹೆಂಗ ಜಿಂಕಿಯಂಗ ಓಡಿತ್ತು, ಅದಕ್ಕ ಹಾಲು ಬ್ಯಾಡ ಆದಾಗ ಹೆಂಡ್ತಿ ಹೊಳೆಮ್ಮ ಬೆರಳಿಗೆ ಬೆಲ್ಲ ಹಚ್ಚಿ ಹೆಂಗ ಚೀಪಿಸಿದ್ಲು, ಅದು ಹೊಳಿ ನೀರು ಕಂಡ್ರ ಹೆಂಗ ಹೆದರ್ತೈತಿ, ಎಲ್ಲಾ ದಿನಾ ಹೇಳ್ತಿದ್ದ. ಶುಭಾ ದಿನಾ ಬಾಯಿ ತೆಕ್ಕೊಂಡು ಕೇಳ್ತಿದ್ಲು. ಹಿಂದ ಕಬ್ಬು ಸರಕ್ ಸರಕ್ ಅಂತ ಖಾಲಿ ಆಗ್ತಿತ್ತು.

ಈ ಕಥಿ ಮಿಸ್ ಎಷ್ಟು ಸಲ ಹೇಳ್ಯಾರೋ ಲೆಕ್ಕ ಇಲ್ಲ. ಮದುವಿ ಮನಿಯೊಳಗ, ಟೀಚರ್ಸ್ ಡೇ ದಿನ, ಕರೆಂಟ್ ಹೋದಾಗ. ಎಲ್ಲಿ ನಿಲ್ಲಿಸಿದ್ರ ಮಂದಿ ನಗ್ತಾರ ಅನ್ನೋದು ಅವರಿಗೆ ಬಾಯಿಪಾಠ. ಹಳೇ ಸ್ಟೂಡೆಂಟ್ ವೇದಾಂತ್, ಈಗ ಇಂಜಿನಿಯರಿಂಗ್ ಓದೋನು, 'ನಮ್ಮ ಹಳೇ ಹೊಸಪೇಟಿ' ಅಂತ ಪೇಜ್ ಮಾಡೀನಿ ಮಿಸ್, ನೀವು ಕಬ್ಬಿನ ಕಥಿ ಹೇಳ್ಲೇಬೇಕು ಮಿಸ್, ಪ್ಲೀಸ್ ಮಿಸ್ ಅಂತ ಮೈಕ್ ತಂದು ಸೀರಿಗೆ ಸಿಗಿಸೇಬಿಟ್ಟ. ಅವರೂ ಹೇಳೇಬಿಟ್ರು.

ರೀಲಿನ ಕ್ಲೈಮ್ಯಾಕ್ಸ್ ಏನಪಾ ಅಂದ್ರ, ಒಂದಿನ ಹುಡುಗ್ರು ಆಸೆಬುರುಕತನಕ್ಕ ಹಗ್ಗದ ಕೆಳಗಿನ ಕಬ್ಬನ್ನೇ ಎಳೆದ್ರು, ಹಗ್ಗ ಸಡಿಲಾತು, ಅರ್ಧ ಲೋಡ್ ಹಿಂದಕ್ಕ ಜಾರಿತು, ಬಂಡಿಯ ಹಿಂಭಾಗ ನೆಲಕ್ಕ ಕೂತು ಮುಂಭಾಗ ಮ್ಯಾಲೆದ್ದು ನೊಗ ಆಕಾಶಕ್ಕ! ಕೆಂದ ಹಗ್ಗ ಹರ್ಕೊಂಡು ಓಡಿತು, ಚಿಗರಿ ಮುಂಗಾಲು ಎತ್ತಿ ನೊಗಕ್ಕ ಜೋತುಬಿತ್ತು. "ಎತ್ತು ಗಾಳಿಯೊಳಗ ಡ್ಯಾನ್ಸ್ ಮಾಡ್ಲಿಕ್ಕತ್ತದ," ಅಂತಾರ ಮಿಸ್, ಇಲ್ಲಿ ಒಂದು ಪಾಜ್ ಕೊಡ್ತಾರ, "ನಮ್ಮ ಎರ್ರಿಯಪ್ಪ ಮಾಮಾ ಏನ್ ಮಾಡ್ಲಿಕ್ಕತ್ತಾನ? ಎತ್ತಿಗೆ ಬೆನ್ನು ಹಾಕಿ ಕಬ್ಬು ಆರಿಸ್ಲಿಕ್ಕತ್ತಾನ! ಹುಡುಗ್ರು ಕಬ್ಬು ಕದೀತಾರಂತ!" ಇಲ್ಲಿ ಎಲ್ಲರೂ ಬಿದ್ದು ಬಿದ್ದು ನಗ್ತಾರ. ಕಾಮೆಂಟ್ ಬಾಕ್ಸಿನ ತುಂಬ ಕಣ್ಣೀರು ಬರೋ ನಗುವಿನ ಇಮೋಜಿ.

ಮಿಸ್ ಯಾವತ್ತೂ ಹೇಳದ ತುಂಡು ಒಂದಿತ್ತು. ನೊಗ ಮ್ಯಾಲೆದ್ದಾಗ ಎರ್ರಿಯಪ್ಪ ಎರಡೂ ಕೈಯಿಂದ ಅದಕ್ಕ ಜೋತುಬಿದ್ದು, ಇಡೀ ಮೈಭಾರ ಹಾಕಿ ಕೆಳಗ ಎಳೀತಾ, ಪಕ್ಕದಾಗೇ ನಿಂತಿದ್ದ ಶುಭಾಗ ಕೂಗಿದ್ದ. "ಮಗಳೇ, ಹಗ್ಗ ಬಿಚ್ಚವ್ವ! ಅದರ ಕೊಳ್ಳಾಗಿನ ಹಗ್ಗ! ಜಗ್ಗಿದ್ರ ಬಿಚ್ಚಿಕೊಂತೈತಿ, ಜಗ್ಗು!" ಗಂಟು ಇಕಿ ಕೈಗೆ ನಿಲುಕೋ ಹಂಗಿತ್ತು. ಚಿಗರಿ ಕಣ್ಣು ಇಷ್ಟು ದೊಡ್ಡವಾಗಿದ್ವು. ಶುಭಾ ಕೈ ಎತ್ತಿದ್ಲು ಕೂಡ. ಆಮ್ಯಾಲೆ ಅಪ್ಪಗ ಗೊತ್ತಾದ್ರ ಅನ್ನೋದು ತಲಿಗೆ ಬಂದು, ಬಂಡಿ ಪಕ್ಕ ಹಾದು ಹಿಂದಕ್ಕ ಓಡಿಬಿಟ್ಲು. ಮನಿ ಕಿಟಕಿಯಿಂದ ಹಣಿಕಿ ನೋಡಿದಾಗ ಕಂಡಿದ್ದೇ ಎರ್ರಿಯಪ್ಪ ಕಬ್ಬು ಆರಿಸೋದು. ಮೂರನೇ ದಿನ ಚಿಗರಿ ಸತ್ತುಹೋತು ಅಂತ ಓಣಿಯೊಳಗ ಸುದ್ದಿ ಆತು. ಅದನ್ನೂ ಮಿಸ್ ಯಾವತ್ತೂ ಹೇಳಲ್ಲ. ಕಥಿ ನಗುವಿಗೆ ನಿಲ್ಲಬೇಕು ನೋಡ್ರಿ.

ರೀಲ್ ಬಂದು ಒಂದು ವಾರಕ್ಕ ಎಸ್ಸೆಸ್ಸೆಲ್ಸಿ ಓದೋ ಲಲಿತಾ ಕ್ಲಾಸ್ ಮುಗಿದ ಮ್ಯಾಲೆ ಹಾರಿ ಹಾರಿ ಬಂದ್ಲು. "ಮಿಸ್! ಮಿಸ್! ನಿಮ್ಮ ರೀಲ್‌ನಾಗಿರೋ ಎರ್ರಿಯಪ್ಪ ನಮ್ಮ ತಾತ ಮಿಸ್! ನಾ ತೋರಿಸಿದೆ, ಊರಿಗೆಲ್ಲಾ ತೋರಿಸ್ಯಾನ! ಆ ಕೂಸನ್ನ ಒಮ್ಮೆ ಕರ್ಕೊಂಡು ಬಾ ಅಂದಾನ. ಕೂಸಂತ ಮಿಸ್, ನಿಮಗ!"

ಮಿಸ್ ಬರಲ್ಲ ಅನ್ನಬೇಕಿತ್ತು. ಯಾವ ನೆಪ ಹೇಳೋದು, ಜ್ವರ ಅಂತಲಾ? ಜ್ವರ ಅನ್ನೋ ಪದ ಬಂದ ಕೂಡ್ಲೇ ಹಳೇದೊಂದು ನೆಪ ನೆನಪಾತು. "ಭಾನುವಾರ ಬರ್ತೀನಮ್ಮ" ಅಂದ್ರು. ಬಸ್ಸಿನಾಗ ಕೂತಾಗ ಒಂದೇ ವಿಚಾರ. ಹೋಗಿ ಹೇಳಿಬಿಡಬೇಕು, ನಾ ಓಡಿಹೋಗಿದ್ದೆ ಅಂತ. ಕಾಲು ಮುಟ್ಟಿ ಹೇಳಿಬಿಡಬೇಕು.

ಬುಕ್ಕಸಾಗರದಾಗ ಈಗ ಕಣ್ಣು ಹಾಯೋತನಕ ಬಾಳಿತೋಟ. ಎರ್ರಿಯಪ್ಪನ ಮನಿ ಮುಂದ ಟ್ರ್ಯಾಕ್ಟರು. ಕಟ್ಟಿ ಮ್ಯಾಲೆ ಕೂತಿದ್ದ ಮುದುಕ ಕಣ್ಣಿನ ಆಪರೇಷನ್ನಿನ ಕರಿ ಕನ್ನಡಕ ಹಾಕ್ಕೊಂಡು ಥೇಟ್ ಹೀರೋ ಹಂಗಿದ್ದ. ಎದ್ದು ನಿಂತೇಬಿಟ್ಟ.

"ಬಾರವ್ವ, ಬಾ! ಏ ಹೊಳೆಮ್ಮ, ಬಂತು ನೋಡು ಆಚಾರ್ರ ಕೂಸು!"

ಹೊಳೆಮ್ಮ ಸೆರಗಿಗೆ ಕೈ ಒರಸ್ಕೋತ ಬಂದ್ಲು. "ಕೂಸಿನ ತಲಿ ಬೆಳ್ಳಗಾಗೇತಿ ನೋಡ್ರಿ ಮೊದ್ಲ. ಕುಂದ್ರವ್ವ. ನಮ್ಮನ್ಯಾಗ ಉಣ್ತೀರೋ ಇಲ್ಲೋ ಅಂತ ಹೋಳಿಗಿ ಮಾಡಿದ್ರೂ ಅನುಮಾನ. ಬಾಳೆಹಣ್ಣರ ತಿಂತೀರಿಲ್ಲೋ?"

"ಎಲ್ಲಾ ತಿಂತೀನ್ರಿ," ಅಂದ್ರು ಮಿಸ್.

ಎರ್ರಿಯಪ್ಪ ಮೊಮ್ಮಗಳ ಫೋನಿನಾಗ ರೀಲ್ ಹಚ್ಚಿಸಿದ. ಎತ್ತಿನ ಹೆಸರು ಬಂದಲ್ಲಿ, "ಕೇಳು, ಕೇಳು, ಕೆಂದ ಅಂದ್ಲು! ನೆನಪಿಟ್ಟಾಳ!" ಅಂತ ಹೊಳೆಮ್ಮನ ಮೊಣಕೈ ತಿವಿದ. ಹುಡುಗ್ರು ಕಬ್ಬು ಎಳೆಯೋದು ಬಂದಾಗ, "ಲೇ, ನನಗ ಗೊತ್ತಿದ್ದಿಲ್ಲಂತ ತಿಳಿದಿದ್ರೇನು? ಎಳೀಲಿ ಬಿಡು, ಹುಡುಗ್ರು ಅಂತ ಸುಮ್ಮನಿದ್ದೆ. ಈ ಕೂಸಿನ ಮಾತು ಕೇಳಾಕ ಚೆಂದ ಇತ್ತು" ಅಂತ ನಕ್ಕ.

ಮಿಸ್ ತಲಿ ಎತ್ತಲಿಲ್ಲ. ಗೊತ್ತಿತ್ತಂತ!

ಆಮ್ಯಾಲೆ ಆ ಜಾಗ ಬಂತು. ಫೋನಿನೊಳಗಿನ ಶುಭಾ ಮಿಸ್ ಪಾಜ್ ಕೊಟ್ಟು, ಕಬ್ಬು ಆರಿಸ್ಲಿಕ್ಕತ್ತಾನ ಅಂದ್ರು, ಫೋನಿನೊಳಗ ವೇದಾಂತ್ ನಕ್ಕಿದ್ದು ಕೇಳಿತು. ಎರ್ರಿಯಪ್ಪ ನಗಲಿಲ್ಲ.

"ಇದೊಂದು ತಪ್ಪು ಹೇಳೀದಿ ನೋಡವ್ವ," ಅಂದ, ಸಿಟ್ಟಿಲ್ಲದ, ಸಣ್ಣ ಕೂಸಿಗೆ ತಿಳಿಸಿ ಹೇಳೋ ಹಂಗ. "ಕಬ್ಬು ಯಾರಿಗೆ ಬೇಕಿತ್ತು ಆಗ? ನಾ ನಿನ್ನ ಹುಡುಕಾಕತ್ತಿದ್ದೆ."

"ನನ್ನ?"

"ಹಗ್ಗ ಬಿಚ್ಚು ಅಂತ ಕೂಗಿದೆ. ನಿನ್ನ ಕೆಂಪು ಲಂಗ ಬಂಡಿ ಹಿಂದಕ್ಕ ಹೋಗಿದ್ದಷ್ಟು ಕಂಡಿತು, ಅದೇ ಹೊತ್ತಿಗೆ ಉಳಿದ ಲೋಡೆಲ್ಲ ಅಲ್ಲೇ ಧಬ್ಬಂತ ಕುಸೀತು. ಕೂಸು ಕೆಳಗ ಸಿಕ್ಕೇತಿ ಅಂದ್ಕೊಂಡೆ. ನೊಗ ಬಿಟ್ಟೆ. ಎರಡೂ ಕೈಲೆ ಕಬ್ಬು ತೆಗೆದೆ, ತೆಗೆದೆ, ಉಗುರೆಲ್ಲ ಕಿತ್ತುಹೋದ್ವು. ಹಿಂದ ಚಿಗರಿ ಒದರಾಕತ್ತಿತ್ತು. ಕೇಳಸ್ತಿತ್ತವ್ವ. ಕೇಳಸ್ತಿತ್ತು, ಆದ್ರ ಕೂಸು ಐತಲ್ಲ ಕೆಳಗ. ಕಡೀಗೆ ಯಾರೋ ಬಂದು, ಹುಡುಗಿ ಮನಿಯಾಗೈತಿ, ಆರಾಮೈತಿ ಅಂದ್ರು. ಯಾರೋ ಪುಣ್ಯಾತ್ಮರು ಎಳೆದು ಒಯ್ದಾರ ಅಂತ ಅಲ್ಲೇ ಕುಂತುಬಿಟ್ಟೆ. ಮರುದಿನ ನಿಮ್ಮನಿಗೆ ಬಂದಿದ್ದೆ, ನೋಡಿಕೊಂಡು ಹೋಗೋಣಂತ. ನಿಮ್ಮಪ್ಪಾರು, ಜ್ವರ ಬಂದೇತಿ, ಮಲಗ್ಯಾಳ ಅಂದ್ರು. ಬಾಳೆಹಣ್ಣು ಕೊಟ್ಟು ಬಂದೆ."

ಆ ಜ್ವರ ಮಿಸ್‌ಗೆ ನೆನಪಿತ್ತು. ಬಾಗಿಲಿಗೆ ಎರ್ರಿಯಪ್ಪ ಬಂದಿದ್ದು ಕಂಡು, ಕಂಪ್ಲೇಂಟ್ ಹೇಳಾಕ ಬಂದ ಅಂತ ಹೆದರಿ ಚಾದರ ಎಳ್ಕೊಂಡು, ಜ್ವರ ಬಂದಾವು ಅಂತ ಅಪ್ಪಗ ತಾನೇ ಸುಳ್ಳು ಹೇಳಿದ್ಲು. ಆ ಬಾಳೆಹಣ್ಣು ತಿಂದಿದ್ಲು ಕೂಡ.

"ನಾನು ಕಬ್ಬಿನ ಕೆಳಗ ಇರಲೇ ಇಲ್ರಿ," ಅಂದ್ರು ಮಿಸ್. "ಹಗ್ಗ ನನ್ನ ಕೈಗೆ ಸಿಗ್ತಿತ್ತು. ನೀವು ಕೂಗಿದ್ದು ಕೇಳಿಸಿತ್ತು. ಅಪ್ಪ ಬೈತಾರಂತ ಓಡಿಹೋದೆ. ಕಿಟಕಿಯಿಂದ ನಿಮ್ಮನ್ನ ನೋಡ್ತಿದ್ದೆ. ಜ್ವರಾನೂ ಬಂದಿರಲಿಲ್ರಿ."

ರೀ-ಯೂನಿಯನ್ ರೀಲ್ ಮಾಡೋಣಂತ ಆಗ್ಲಿಂದ ವಿಡಿಯೋ ತೆಗೀತಿದ್ದ ಲಲಿತಾ ಮೆಲ್ಲಕ ಫೋನ್ ಇಳಿಸಿದ್ಲು. ಅವಳ ಮುಖದ ಮ್ಯಾಲೆ ಒಂದು ವಾರದಿಂದ ಕೂತಿದ್ದ ಖುಷಿ ಎಲ್ಲಿ ಹೋತು ಅಂತ ಮಿಸ್‌ಗೆ ನೋಡೋ ಧೈರ್ಯ ಆಗಲಿಲ್ಲ. ಸೋಮವಾರ ಇದೇ ಹುಡುಗಿ ಮೊದಲನೇ ಬೆಂಚಿನಾಗ ಕೂಡ್ತಾಳ.

ಎರ್ರಿಯಪ್ಪ ಕನ್ನಡಕ ತೆಗೆದು ಪಂಚಿಯಿಂದ ಒರೆಸಿದ. ಮತ್ತ ಹಾಕ್ಕೊಂಡ. ಮತ್ತ ತೆಗೆದ.

"ಮೂವತ್ತಾರು ವರ್ಷ ಆತು," ಅಂದ. "ಎತ್ತು ಹೋತು ಅಂತ ಮಂದಿ ಮರುಗಿದ್ರು. ಹೋಗ್ಲಿ ಬಿಡ್ರಿ, ಕೂಸು ಉಳೀತಲ್ಲ ಅಂದೆ. ಈ ಹೊಳೆಮ್ಮ ಅತ್ಲು, ಎಂಟು ದಿನ ಒಲಿ ಹಚ್ಚಲಿಲ್ಲ. ಇಕಿಗೂ ಅದನ್ನೇ ಹೇಳಿದೆ. ನನಗ ನಾನೂ ಅದನ್ನೇ ಹೇಳ್ಕೊಂಡೆ." ಕನ್ನಡಕ ಮಡಚಿಟ್ಟ. "ಈಗ್ಯಾಕ ಹೇಳಿದಿ ಇದನ್ನ?"

ಮಿಸ್ ಬಸ್ಸಿನಾಗ ಇಡೀ ದಾರಿ, ಹೇಳಿದ್ರ ಎದಿ ಹಗುರ ಆಗ್ತದ ಅಂತ ಅಂದ್ಕೊಂಡೇ ಬಂದಿದ್ರು. ಯಾರ ಎದಿ ಅಂತ ವಿಚಾರ ಮಾಡಿರಲಿಲ್ಲ. "ತಪ್ಪಾತ್ರಿ" ಅಂತ ಕಾಲು ಮುಟ್ಟೋಕ ಬಗ್ಗಿದ್ರು, ಎರ್ರಿಯಪ್ಪ ಕಾಲು ಹಿಂದಕ್ಕ ಎಳ್ಕೊಂಡ. ಹೊಳೆಮ್ಮ ಎದ್ದು ಒಳಗ ಹೋದ್ಲು. ಒಳಗ ಪಾತ್ರಿ ಒಂದು ನೆಲಕ್ಕ ಕುಕ್ಕಿದ ಸಪ್ಪಳ ಆತು.

ಅಷ್ಟರಾಗ ಪಕ್ಕದ ಮನಿ ದ್ಯಾಮಕ್ಕ ಬಾಯಿತುಂಬ ಎಲಿ ಅಡಿಕಿ ಹಾಕ್ಕೊಂಡು ಅಂಗಳಕ್ಕ ಬಂದ್ಲು. "ಬಂದಾಳಂತಲ್ಲೋ ಎರ್ರಿಯಪ್ಪಣ್ಣ? ಎಲ್ಲಿ? ಇಕೀನಾ? ನೀ ಕಬ್ಬಿನಾಗ ಹುಡುಕಿದ ಕೂಸು ಇಕೀನಾ?"

ಮಿಸ್‌ಗೆ, ಎರ್ರಿಯಪ್ಪ ಹೇಳ್ಲಿ, ಎಲ್ಲಾ ಹೇಳ್ಲಿ, ಊರೆಲ್ಲ ಉಗುಳಲಿ ಅನ್ನಿಸ್ತು. ಹೇಳಬಾರದು ಅಂತಲೂ ಅನ್ನಿಸ್ತು, ಅದೇ ಇನ್ನೂ ಹೇಸಿಗಿ.

ಎರ್ರಿಯಪ್ಪ ಮಿಸ್ ಕಡೆ ನೋಡಲಿಲ್ಲ. ತೋಟದ ಕಡೆ ನೋಡ್ತಾ, "ಹೂಂ, ಇಕೀನ" ಅಂದ.

"ಅಯ್ ನನ್ನವ್ವ! ಎಷ್ಟು ಸಲ ಹೇಳ್ಯಾನ ಗೊತ್ತೇನು ನಿನ್ನ ಸುದ್ದಿ! ಎಲ್ಲಿ ಪೆಟ್ಟಾಗಿತ್ತವ್ವ ಅವತ್ತು?"

ಮಿಸ್ ಬಾಯಿ ತೆಗೆಯೋದ್ರೊಳಗ ಎರ್ರಿಯಪ್ಪನೇ ಹೇಳಿದ, "ಒಂದು ಗೀರೂ ಬಿದ್ದಿದ್ದಿಲ್ಲ."

"ದೇವ್ರು ದೊಡ್ಡಾವ," ಅಂತ ದ್ಯಾಮಕ್ಕ ಹತ್ರ ಬಂದು, ಎರಡೂ ಕೈಯಿಂದ ಮಿಸ್ ಕೆನ್ನಿ ಸವರಿ, ತನ್ನ ಹಣಿ ಪಕ್ಕ ಬೆರಳು ಮಡಚಿ ಲಟಲಟ ಅಂತ ನೆಟಿಗಿ ಮುರಿದ್ಲು. "ನೂರು ವರ್ಷ ಬಾಳು."

ಶುಭಾ ಮಿಸ್ ತಲಿ ಬಗ್ಗಿಸಿಕೊಂಡು ಆ ಹರಕಿ ತೊಗೊಂಡ್ರು. ಲಲಿತಾ ನೋಡ್ತಾ ನಿಂತಿದ್ಲು.